ಒಂದು ಅಂತಲೇ ಬರಿ

ಕಂಪಾಲಾದಿಂದ ರಾತ್ರಿ ಬಸ್ಸು ಹಿಡಿದು
ಕಿಟ್ಗುಮ್‌ನಲ್ಲಿ ಇಳಿದಾಗ ನನ್ನ ಚೀಲದಲ್ಲಿ
ನಲವತ್ತಾರು ಪ್ರಶ್ನೆ, ಎರಡು ನೀಲಿ ಪೆನ್ನು,
ನಿಂಬೆಹುಳಿ ಪೆಪ್ಪರಮೆಂಟಿನ ಪೊಟ್ಟಣ.
ಅಂಗವಿಕಲರ ಸಂಘವೊಂದಿದೆಯಂತೆ,
ವಕಾಲತ್ತು ವಹಿಸುವ ತಾಕತ್ತು ಎಷ್ಟಿದೆ
ಅಳೆದು ಬಾ, ಅಂದಿದ್ದರು.
ಸೇರು ಪಾವು ಕೊಟ್ಟಿರಲಿಲ್ಲ;
ಸೊನ್ನೆಯಿಂದ ಐದರ ತನಕ ಅಂಕ, ಅಷ್ಟೆ.

ಕಚೇರಿ ಹಿಂದೊಮ್ಮೆ ಹತ್ತಿಯ ಗೋದಾಮು.
ಬಾಗಿಲಿನ ಇಳಿಜಾರು ಅವರೇ ಕಲಸಿ ಹಾಕಿದ ಸಿಮೆಂಟು,
ಆರುವ ಮೊದಲೇ ದಾಟಿದ ಕೋಳಿಯ ಹೆಜ್ಜೆ
ಇನ್ನೂ ಅದರ ಮೇಲಿದೆ.

ಲಿಖಿತ ಯೋಜನೆ ಉಂಟೆ?
ಅಧ್ಯಕ್ಷ ಒಕುಮು, ಒಂಬತ್ತು ವರ್ಷದಿಂದ ಅವನೇ ಅಧ್ಯಕ್ಷ,
ಗಾಲಿಕುರ್ಚಿಯನ್ನು ಅರ್ಧ ಸುತ್ತು ತಿರುಗಿಸಿ
ಗೋಡೆ ತೋರಿಸಿದ. ಇದ್ದಿಲಿನಲ್ಲಿ ಬರೆದದ್ದು:
ಆಸ್ಪತ್ರೆಯ ಮಂಚ ತಗ್ಗಿಸುವುದು.
ಬೋರ್‌ವೆಲ್ಲಿನ ಹಿಡಿಕೆ ತಗ್ಗಿಸುವುದು.
ಮೂರನೆಯದನ್ನು ಅಳಿಸಿದ್ದರು.
ಅದು ಆಗಿಹೋಯಿತು, ಅಂದ.
ಎರಡು, ಎಂದು ಬರೆದುಕೊಂಡೆ.

ಲೆಕ್ಕಪತ್ರ ಪಾರದರ್ಶಕವೆ?
ಖಜಾಂಚಿ ಲಕರೆಬೆರ್ ಕಣ್ಣಿಲ್ಲದವಳು, ನಕ್ಕಳು:
ಪಾರದರ್ಶಕ ಅಂದರೆ ಆಚೆಬದಿ ಕಾಣುವುದು ತಾನೆ,
ನನ್ನನ್ನೇ ಕೇಳುತ್ತೀಯಲ್ಲ ತಾಯಿ!
ಪುಸ್ತಕ ನೂಕಿದಳು. ಅಕ್ಷರವಿಲ್ಲದ ಹಾಳೆ,
ಸಾಸಿವೆ ಚೆಲ್ಲಿದಂತೆ ಉಬ್ಬಿದ ಚುಕ್ಕಿ.
ಬೆರಳಾಡಿಸಿದೆ. ಓದು, ಅಂದಳು.
ಎರಡು ಪದವಿ ಪಡೆದ ನಾನು
ಅಲ್ಲಿ ಹೆಬ್ಬೆಟ್ಟು.

ಆಡಳಿತದ ಮೇಲೆ ಒತ್ತಡ ತಂದ ನಿದರ್ಶನ?
ಈಗ ಎಲ್ಲರೂ ಒಟ್ಟಿಗೇ ಮಾತಾಡಿದರು.
ಜಿಲ್ಲಾ ಪರಿಷತ್ತಿನ ಸಭೆ ಮಹಡಿಯ ಮೇಲೆ,
ಇಪ್ಪತ್ತೆರಡು ಮೆಟ್ಟಿಲು. ನಿಮ್ಮನ್ನು ಹೊತ್ತು ತರುತ್ತೇವೆ
ಅಂದರಂತೆ ಕಾವಲಿನವರು.
ನಮ್ಮನ್ನೇಕೆ, ಬಜೆಟ್ಟನ್ನು ಹೊತ್ತು ತನ್ನಿ,
ಅದು ನಮಗಿಂತ ಹಗುರ ಎಂದು
ಮೊದಲ ಮೆಟ್ಟಿಲ ಬಳಿ ಕೂತುಬಿಟ್ಟರಂತೆ.
ಮೂರನೆಯ ದಿನ ಪರಿಷತ್ತೇ ಇಳಿದು ಬಂತು.
ಸಿಕ್ಕಿದ್ದೇನು?
ಕಾಗದದಲ್ಲಿ ಒಂದು ಸಾಲು.
ಹಣ?
ಒಕುಮು ಗೋಡೆಯ ಕಡೆ ನೋಡಿದ.

ಮೂವತ್ತೊಂದನೆಯ ಪ್ರಶ್ನೆ:
ಎಲ್ಲ ಸದಸ್ಯರ ಮಾತಿಗೂ ಸಮಾನ ಬೆಲೆ ಉಂಟೆ?
ಐದು, ಐದೇ ಬರಿ, ಅಂದ.
ಹಿಂದಿನ ಬೆಂಚಿನಿಂದ ಅಜೋಕ್ ಎದ್ದಳು.
ಕಿವಿ ಕೇಳದವಳು. ಅವಳ ಕೈ ಆಡಿತು,
ಆಡುತ್ತಲೇ ಇತ್ತು, ಎದೆಗೆ ಬಡಿದು, ಹೊಟ್ಟೆ ಸವರಿ,
ಬಾಗಿಲ ಕಡೆ ಚಾಚಿ.
ಅನುವಾದಿಸುವವಳು ಪಿಲೋಯ, ಅಧ್ಯಕ್ಷರ ಮಗಳು:
ಇವಳಿಗೂ ಒಪ್ಪಿಗೆಯಂತೆ.

ಲಕರೆಬೆರ್ ತಲೆಯೆತ್ತಿದಳು.
ಅವಳ ಬಳೆ ಅಷ್ಟು ಹೊತ್ತು ಸದ್ದು ಮಾಡಿತಲ್ಲ ಹುಡುಗಿ,
ನಿನ್ನ ಬಾಯಿಂದ ಎರಡೇ ಮಾತು ಬಂತು.
ಉಳಿದದ್ದು ಎಲ್ಲಿ?

ತಗಡಿನ ಮಾಡು ಬಿಸಿಲಿಗೆ ಟಿಕ್ ಟಿಕ್ ಅಂದಿತು.
ಪಿಲೋಯ ಅಪ್ಪನನ್ನು ನೋಡಿದಳು. ಆಮೇಲೆ ನೋಡಲಿಲ್ಲ.
ಸಭೆಗೆ ಕರೆಯುತ್ತೀರಿ, ಫೋಟೋಕ್ಕೆ.
ಮಂಚ, ಹಿಡಿಕೆ ನಿಮಗೆ ಬೇಕು, ಆಗಲಿ.
ಹೆರಿಗೆ ಕೋಣೆಯಲ್ಲಿ ಕೈಮಾತು ಬಲ್ಲವಳು ಒಬ್ಬಳು ಬೇಕೆಂದು
ನಾಲ್ಕು ವರ್ಷದಿಂದ ಹೇಳುತ್ತಿದ್ದೇನೆ.
ತಳ್ಳು ಅಂದರೋ ತಡೆ ಅಂದರೋ ನನಗೆ ತಿಳಿಯಲಿಲ್ಲ.
ನನ್ನ ಮಗುವಿಗೆ ಹೆಸರಿಡಲಿಲ್ಲ.

ಒಂದು ಅಂತಲೇ ಬರಿ, ಅಂದಳು ಲಕರೆಬೆರ್.
ಒಂದು ಬಿದ್ದರೆ ಅನುದಾನ ಕಷ್ಟ, ಅಂದೆ.
ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಬರಿ.

ಕನ್ನಡಿ ಹೊತ್ತು ಬಂದವಳು ನಾನು. ಬರೆದೆ.

ಒಕುಮು ಏನೂ ಅನ್ನಲಿಲ್ಲ. ಕ್ಷಮೆ ಕೇಳಲಿಲ್ಲ.
ಗೋಡೆಗೆ ಅಡ್ಡವಾಗಿದ್ದ ಕುರ್ಚಿಯನ್ನು ಮಾತ್ರ
ಒಂದು ಮೊಳ ಹಿಂದಕ್ಕೆ ಸರಿಸಿದ.
ಅಜೋಕ್ ಇದ್ದಿಲು ಎತ್ತಿಕೊಂಡಳು.

ಕತ್ತಲಲ್ಲಿ ಕರೂಮ ಸೇತುವೆ ದಾಟುವಾಗ
ಮೊಬೈಲ್ ಬೆಳಕಿನಲ್ಲಿ ಹಾಳೆ ಬಿಡಿಸಿದೆ.
ಮೂವತ್ತೆರಡರಿಂದಾಚೆ ಎಲ್ಲ ಖಾಲಿ.
ಆ ಒಂದರ ಪಕ್ಕದಲ್ಲಿ ಮಸಿಯ ಬೆರಳಚ್ಚು.
ಯಾರದೋ ತಿಳಿಯದು.
ನಾನಂತೂ ಗೋಡೆ ಮುಟ್ಟಿರಲಿಲ್ಲ.