ಗೋಡೆ ಗಡಿಯಾರ

ಸಕಲೇಶಪುರದಾಚೆ ಮಗುಚಿದ ಲಾರಿಗಳ
ನಷ್ಟ ಅಳೆದೇ ನನ್ನ ತಲೆ ನರೆತದ್ದು.
ಟೇಪು, ಚಾಕ್‌ಪೀಸು, ಚೆಲ್ಲಿದ ಡೀಸೆಲ್ಲು,
ಬಂಪರಿಗೆ ಕಟ್ಟಿದ ನಿಂಬೆಹಣ್ಣು ಮಾತ್ರ ನೆಟ್ಟಗೆ.

ಘಾಟಿ ಸುಮ್ಮನಿದ್ದ ಮೂರು ವರ್ಷ
ಹಾಸನದ ಬಿ.ಎಂ. ರೋಡಿನುದ್ದಕ್ಕೂ ವಿಮೆಯ ಬೋರ್ಡು:
ಒಬ್ಬ ನೂರಕ್ಕೆ ಕೊಟ್ಟರೆ ಇನ್ನೊಬ್ಬ ಎಂಬತ್ತಕ್ಕೆ,
ಮತ್ತೊಬ್ಬ ಅರವತ್ತಕ್ಕೆ, ಮೇಲೊಂದು ಗೋಡೆ ಗಡಿಯಾರ.
ನಾನು ಒಂದು ಷೇರೂ ಮುಟ್ಟಲಿಲ್ಲ.
“ಪುಕ್ಕಲು ಕಣಯ್ಯ ನೀನು” ಅಂದರು ಬ್ರೋಕರ್ ಧರಣೇಂದ್ರಯ್ಯ.

ಆಮೇಲೆ ಗುಡ್ಡ ಜಾರಿತು.
ಒಂದೇ ವಾರ, ನಲವತ್ತೊಂದು ಕ್ಲೈಮು.
ಬೋರ್ಡುಗಳು ಒಂದೊಂದೇ ಇಳಿದವು;
ಗಡಿಯಾರಗಳು ಜನರ ಮನೆಯಲ್ಲಿ ಉಳಿದವು, ಸೆಲ್ಲಿಲ್ಲದೆ.
ಪುಸ್ತಕದಲ್ಲಿ ತೊಂಬತ್ತು ತೂಗುವ ಕಂಪನಿ
ಪೇಟೆಯಲ್ಲಿ ಐವತ್ತೆರಡಕ್ಕೆ ಬಿದ್ದಿತ್ತು.

ಅದರ ಶಾಖೆ ನನಗೆ ಗೊತ್ತು.
ಅಗ್ಗದ ಕಾಲದಲ್ಲಿ ಪಾಲಿಸಿ ಬರೆಯಲೊಲ್ಲದೆ
ಮಧ್ಯಾಹ್ನವೆಲ್ಲ ಚೌಕಾಬಾರ ಆಡುತ್ತಿದ್ದ ಗುಮಾಸ್ತರು,
ಕವಡೆಯ ಸದ್ದು ಮೆಟ್ಟಿಲವರೆಗೆ.
ಅಂಥ ಸೋಮಾರಿತನಕ್ಕೆ ಧೈರ್ಯ ಬೇಕು.
ಕೊಂಡೆ.
ನಷ್ಟದ ವರದಿ ಬರೆದ ಪೆನ್ನಿನಲ್ಲೇ ಚೆಕ್ಕಿಗೆ ಸಹಿ;
ಕೈ ಚೂರು ನಡುಗಿತು ಅನ್ನಿ.

ಈಗ ಕಂತು ದುಪ್ಪಟ್ಟು, ಷೇರೂ ದುಪ್ಪಟ್ಟು.
ಧರಣೇಂದ್ರಯ್ಯ ಟೀ ತರಿಸುತ್ತಾರೆ, ‘ತಾವು’ ಅನ್ನುತ್ತಾರೆ.
ನಿನ್ನೆ ಎದುರುಗಡೆ ಹೊಸ ಬೋರ್ಡು ಏರಿತು.
ಟೈ ಕಟ್ಟಿದ ಹುಡುಗ ಬಂದು, ನಗುತ್ತ
ಪೊಟ್ಟಣ ಕೊಟ್ಟ.
ಬಿಚ್ಚುವ ಮೊದಲೇ ಕೇಳಿಸಿತು:
ಟಿಕ್, ಟಿಕ್.