ನಾಲ್ಕು ಸೆಕೆಂಡು

ರೈಟ್ ಮಾಡ್ಕೊಡಣ್ಣ ಅಂತಾರೆ ಎಲ್ಲರೂ.
ಕಂಪ್ಯೂಟರಿನ ಗುಂಡಿಯ ಮೇಲೆ ಮಾತ್ರ ಬರ್ನ್ ಎಂದಿದೆ.
ಬರೆಯುವುದೋ ಸುಡುವುದೋ,
ಅಂಗಡಿ ತೆರೆದು ಹದಿನಾಲ್ಕು ವರ್ಷ,
ನನಗಿನ್ನೂ ಇತ್ಯರ್ಥವಾಗಿಲ್ಲ.

ಮಂಡ್ಯದ ಗುತ್ತಲು ರಸ್ತೆ, ಬೆಲ್ಲದ ಮಂಡಿಯ ಮಗ್ಗುಲು.
ಷಟರು ಅರ್ಧಕ್ಕೆ ಎಳೆದಿದ್ದೇನೆ.
ಒಳಗೆ ನಾನು, ಫ್ಯಾನು, ಯುಪಿಎಸ್ಸಿನ ಹಸಿರು ಕಣ್ಣು.
ಬೆಳಗ್ಗೆ ಒಂಬತ್ತಕ್ಕೆ ಶಿವನಂಜೇಗೌಡರಿಗೆ
ಬೀಗರೂಟದ ಬ್ಲೂ-ರೇ ಕೊಡಬೇಕು.
"ಡಿವಿಡಿ ಬ್ಯಾಡ ಕಣಯ್ಯ, ಐವತ್ತೈದಿಂಚಿನ ಟೀವಿ ತಂದಿವ್ನಿ,
ಮುದ್ದೆ ಮ್ಯಾಲಿನ ಹಬೆನೂ ಕಾಣ್ಬೇಕು."

ಕಾಣುತ್ತಿದೆ.
ಹಬೆ, ಸಾರಿನ ಮೇಲೆ ತೇಲುವ ಎಣ್ಣೆಯ ಒಂದೊಂದು ಕಣ್ಣು,
ಬಡಿಸುವವನ ಮುಂಗೈಯ ಹಳೆಯ ಸುಟ್ಟ ಕಲೆ,
ಬೀಗಿತ್ತಿಯ ಕೆನ್ನೆಯಲ್ಲಿ ಬೆವರಿಗೆ ಬಿರುಕು ಬಿಟ್ಟ ಪೌಡರು.
ಅಪ್ಪನ ಕಾಲದ ಕ್ಯಾಸೆಟ್ಟಿನಲ್ಲಿ
ಸಾಲಗಾರ, ಸಾಹುಕಾರ, ಮುನಿಸಿಕೊಂಡ ಚಿಕ್ಕಪ್ಪ,
ಎಲ್ಲರ ಮುಖಕ್ಕೂ ಒಂದೇ ಹಿಟ್ಟು ಬಳಿದಂತೆ.
ಮಸುಕಿಗೂ ಒಂದು ಮರ್ಯಾದೆ ಇತ್ತು.

ಒಂದು ಗಂಟೆ ಹನ್ನೆರಡನೇ ನಿಮಿಷ.
ಎಡ ಮೂಲೆ, ಕೈತೊಳೆಯುವ ಡ್ರಮ್ಮಿನ ಹಿಂದೆ
ಎಲೆ ಎತ್ತುವ ಹೆಂಗಸು ಬಗ್ಗುತ್ತಾಳೆ,
ಅತ್ತಿತ್ತ ನೋಡುತ್ತಾಳೆ,
ಯಾರೂ ಮುಟ್ಟದ ಎಲೆಯಿಂದ ಎರಡು ತುಂಡು ಬಾಡು, ಒಂದು ಮೊಟ್ಟೆ
ಸೆರಗಿನೊಳಗೆ.
ನಿಲ್ಲಿಸಿದೆ. ಹಿಂದಕ್ಕೆ ಎಳೆದೆ. ಮತ್ತೆ.
ಇಷ್ಟು ಚೊಕ್ಕವಾಗಿ ಯಾಕಾದರೂ ಕಂಡಿತೋ,
ಮೂಗುಬೊಟ್ಟಿನಲ್ಲಿ ಒಂದು ಕಲ್ಲು ಉದುರಿದ್ದೂ ಕಂಡಿತು.
ಅಂಗಡಿ ಗುಡಿಸುವ ಕೆಂಪಾಜಮ್ಮ.
ದಿನಾ ಏಳಕ್ಕೆ ಬಂದು
ಹಾಳಾದ ಡಿಸ್ಕು ಆರಿಸಿಕೊಂಡು ಹೋಗುತ್ತಾಳೆ
ಮೊಮ್ಮಗನ ಸೈಕಲ್ಲಿನ ಚಕ್ರಕ್ಕೆ.

ಗೌಡರ ಹಾಲಿನಲ್ಲಿ ನೆಂಟರು, ರಿಮೋಟು,
"ತಡಿ ತಡಿ, ಹಿಂದಕ್ಕೋಗು" ಅನ್ನುವವನೊಬ್ಬ.
ಅಂಥವನೊಬ್ಬ ಇದ್ದೇ ಇರುತ್ತಾನೆ.

ಕತ್ತರಿಸಿದೆ. ನಾಲ್ಕು ಸೆಕೆಂಡು.
ಆ ಜಾಗಕ್ಕೆ ಬೇರೆ ಯಾವುದೋ ಮದುವೆಯ
ಮಾವಿನ ತೋರಣ ಹೊಲಿದೆ, ಗಾಳಿಗೆ ಅಲ್ಲಾಡುವುದು.
ಊಟದ ಗದ್ದಲ ಮಾತ್ರ ಎಲ್ಲೂ ಕಡಿಯಲಿಲ್ಲ.

ಇಪ್ಪತ್ತೈದು ಜಿಬಿಯ ಖಾಲಿ ಡಿಸ್ಕು,
ಬೆರಳು ತಾಗದಂತೆ ಅಂಚು ಹಿಡಿದು ಇಟ್ಟೆ.
ಮೂವತ್ತು ಪರ್ಸೆಂಟಿಗೆ ಕರೆಂಟು ಹೋಯಿತು.
ಯುಪಿಎಸ್ಸು ಕುಯ್ಯೆಂದಿತು.
ಕಾಳಮ್ಮನಿಗೆ ಕರ್ಪೂರ ಹೊತ್ತುಕೊಂಡೆ, ಅಷ್ಟರಲ್ಲಿ
ಕತ್ತಲು. ನಾನೂರು ರೂಪಾಯಿ.
ಅರೆಬರೆ ಬರೆದದ್ದನ್ನು ಅಳಿಸಲು ಬರುವುದಿಲ್ಲ,
ಇದು ಆ ಜಾತಿಯದಲ್ಲ.

ಎರಡೂವರೆಗೆ ದೀಪ ಬಂತು. ಇನ್ನೊಂದು ಇಟ್ಟೆ,
ಎರಡರ ವೇಗ, ಎಮ್ಮೆ ನಡಿಗೆ.
ಒಳಗೆ ಸಣ್ಣಗೆ ತಿರುಗುವ ಸದ್ದು,
ಯಾರೋ ದೂರದಲ್ಲಿ ರಾಗಿ ಬೀಸಿದ ಹಾಗೆ.
ಬಿಸಿ ಡಿಸ್ಕನ್ನು ಆಡಿಸಿ ನೋಡಲು ಹೋದರೆ
ಪ್ಲೇಯರು ನಾನೇ ಬರೆದದ್ದಕ್ಕೆ
ನನ್ನನ್ನೇ ಪರವಾನಗಿ ಕೇಳಿತು.
ಅದನ್ನು ಪುಸಲಾಯಿಸುವಷ್ಟರಲ್ಲಿ ಹಾಲಿನ ವ್ಯಾನು ಬಂದಿತ್ತು.

ಏಳು ಗಂಟೆ. ಕೆಂಪಾಜಮ್ಮ
ಪೊರಕೆ ಹಿಡಿದು ನನ್ನ ಬೆನ್ನ ಹಿಂದೆ ನಿಂತಳು.
ಪರದೆಯ ಮೇಲೆ ಎಲೆ ಅಲ್ಲಾಡುತ್ತಿತ್ತು,
ಒಂದೊಂದರ ನರವೂ ಎಣಿಸುವ ಹಾಗೆ.

"ಆವತ್ತು ಒಂಚೂರೂ ಗಾಳಿ ಇರ್ನಿಲ್ವಲ್ಲಣ್ಣ" ಅಂದಳು.

ಆಮೇಲೆ ಮೇಜಿನ ಕೆಳಗೆ ಬಗ್ಗಿ
ಸತ್ತ ಡಿಸ್ಕನ್ನು ಸೆರಗಿನಲ್ಲಿ ಒರೆಸಿ,
ನನಗೆ ಕಾಣುವ ಹಾಗೆ ಎತ್ತಿ ಹಿಡಿದು,
ತಗೊಂಡು ಹೋದಳು.