ಮೂವತ್ತೊಂದರ ತಿಂಗಳು

ಮುಸಫ್ಫಾ, ಮೂವತ್ತೇಳನೇ ಸೆಕ್ಟರು. ಕೋಣೆಗೆ ಆರು ಮಂಚ.
ಪಗಾರ ತಡವಾದ ಜುಲೈಯಲ್ಲಿ ಇದ್ದಿನಬ್ಬ ಅಂದ:
ಒಂದನೇ ತಾರೀಕಿಗೆ ಒಂದು ಫಿಲ್ಸ್ ಕೊಡಲಿ ಕಂಪನಿ,
ಎರಡಕ್ಕೆ ಎರಡು, ಮೂರಕ್ಕೆ ನಾಲ್ಕು,
ದಿನಾ ಹಿಂದಿನ ದಿನದ ದುಪ್ಪಟ್ಟು. ಬೇರೇನೂ ಬೇಡ.
ನಕ್ಕೆವು. ಹತ್ತನೇ ತಾರೀಕಿನ ಕೂಲಿ
ಐದು ದಿರ್ಹಮ್ ಚಿಲ್ಲರೆ, ಒಂದು ಶವರ್ಮಾ.

ಟೈಮ್‌ಕೀಪರ್ ನಾನು,
ಓಟಿ ಹಾಳೆಯ ಬೆನ್ನಿಗೆ ಕೂಡಿಸುತ್ತ ಹೋದೆ.
ತಿಂಗಳು ಮುಗಿದಾಗ
ಇನ್ನೂರ ಹದಿನಾಲ್ಕು ಕೋಟಿ
ಎಪ್ಪತ್ತನಾಲ್ಕು ಲಕ್ಷ
ಎಂಬತ್ತಮೂರು ಸಾವಿರದ
ಆರುನೂರ ನಲವತ್ತೇಳು.
ಯಾರೂ ಮಾತಾಡಲಿಲ್ಲ. ಏಸಿಯ ನೀರು ಬಕೆಟ್ಟಿಗೆ ತೊಟ್ಟಿಕ್ಕುತ್ತಿತ್ತು.

ಹಂಚು, ಅಂದ ಮೆಸ್ಸಿನ ಲೆಕ್ಕದ ಗುಲ್ ಜಮಾನ್.
ಆರು ಜನಕ್ಕೆ ಹಂಚಿದೆ. ಒಂದು ಉಳಿಯಿತು.
ಅಡುಗೆಯ ಎಲ್ಲಯ್ಯನೂ ಸೇರಿ ಏಳು. ಒಂದು ಉಳಿಯಿತು.
ಪಕ್ಕದ ಕೋಣೆಯ ಹನ್ನೊಂದು ವೆಲ್ಡರುಗಳಿಗೇ ಹೋಗಲಿ ಅಂದರೂ
ಒಂದು. ಮೂವತ್ತೊಂದು ದಿನಗಳಿಗೇ ವಾಪಸು ಕೊಟ್ಟರೆ
ಮತ್ತೆ ಅದೇ ಒಂದು, ಓಡಿಸಿದರೂ ಬಂದು ಕೂರುವ ನೊಣ.
ಆ ಒಂದು ಫಿಲ್ಸಿನ ನಾಣ್ಯವನ್ನು ನಮ್ಮಲ್ಲಿ ಯಾರೂ ಕಂಡವರಲ್ಲ.
ಬಖಾಲದವನು ಅದರ ಬದಲಿಗೆ ಚೂಯಿಂಗ್ ಗಮ್ಮೂ ಕೊಡುವುದಿಲ್ಲ.

ಬೇರೆ ತಿಂಗಳು ಇಷ್ಟು ಹಟಮಾರಿಯಲ್ಲ.
ಜೂನು ಮೂರಕ್ಕೆ, ಏಳಕ್ಕೆ, ಹನ್ನೊಂದಕ್ಕೆ ಸಲೀಸು.
ಅಧಿಕ ವರ್ಷದ ಫೆಬ್ರವರಿ ತುಸು ಬಿಗುಮಾನ ತೋರಿಸಿ
ಇನ್ನೂರ ಮೂವತ್ತಮೂರರ ಏಟಿಗೆ ಬಿರಿಯುತ್ತದೆ.

ಯಾವುದಕ್ಕಾದರೂ ಒಡೆಯಲೇಬೇಕು, ಅಂದ ಇದ್ದಿನಬ್ಬ,
ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಸ್ಕಾಫೋಲ್ಡಿಂಗ್ ಬಿಗಿಯುವವನು.
ನಲವತ್ತಾರು ಸಾವಿರದ ಮುನ್ನೂರ ನಲವತ್ತರವರೆಗೆ ನೋಡು ಸಾಕು,
ಅದೂ ಅವಿಭಾಜ್ಯಗಳನ್ನು ಮಾತ್ರ, ಎಂದೆ.
ಅವೇ ನಾಲ್ಕು ಸಾವಿರದ ಏಳುನೂರ ತೊಂಬತ್ತೆರಡು.
ಊಟವಾದ ಮೇಲೆ ರಾತ್ರಿಗೆ ಏಳು ಭಾಗಾಕಾರ,
ಲಬನ್ ಪೆಟ್ಟಿಗೆಯ ರಟ್ಟಿನ ಮೇಲೆ.
ಎರಡು ವರ್ಷದ ವೀಸಾಕ್ಕೆ ಅಳತೆ ಮಾಡಿದಂತಿತ್ತು.

ನಡುವೆ ಒಮ್ಮೆ ಮಿಸ್ರಿ ಇಂಜಿನಿಯರು ರಟ್ಟು ತಿರುಗಿಸಿ ನೋಡಿ,
ಇಷ್ಟೆಲ್ಲ ಯಾಕೆ? ಅರವತ್ತೆರಡರ ಮಗ್ಗಿಗೆ ಒಂದು ಕೂಡಿಸು,
ಒಡೆಯುವುದಿದ್ದರೆ ಅಲ್ಲೇ ಒಡೆಯಬೇಕು;
ಇನ್ನೊಂದು ಜರಡಿ ಹಿಡಿದರೆ ನೂರರೊಳಗೆ ಮುಗಿಯುತ್ತದೆ, ಎಂದ.
ಇದ್ದಿನಬ್ಬ ಪೆನ್ನಿಗೆ ಕ್ಯಾಪು ಹಾಕಿದ:
ಮತ್ತೆ ಉಳಿದ ರಾತ್ರಿಗಳಲ್ಲಿ ಏನು ಮಾಡಲಿ, ಸಾರ್?

ಕೊನೆಯದು ನಲವತ್ತಾರು ಸಾವಿರದ ಮುನ್ನೂರ ಮೂವತ್ತೇಳು.
ಶೇಷ, ನಲವತ್ತೊಂದು ಸಾವಿರದ ಏಳುನೂರ ಹತ್ತೊಂಬತ್ತು.
ಎರಡು ಸಲ ಗುಣಿಸಿ ನೋಡಿದ.
ಒಡೆಯಲಿಲ್ಲ, ಅಂದ,
ಎಷ್ಟು ಬಡಿದರೂ ಬಾಯಿಬಿಡದವನ ಬಗ್ಗೆ
ಪೊಲೀಸಿನವನೊಬ್ಬ ಒಳಗೊಳಗೇ ಮೆಚ್ಚಿ ಹೇಳುವ ಹಾಗೆ.
ರಟ್ಟುಗಳ ಕಟ್ಟಿಗೆ ತಂತಿ ಬಿಗಿದು ಮಂಚದಡಿ ತಳ್ಳಿದ.
ಹೊರಗೆ ಕಂಪನಿ ಬಸ್ಸಿನ ಹಾರ್ನು.

ಅವತ್ತೇ ಪಗಾರ. ಸಾವಿರದ ಇನ್ನೂರು.
ಎರಡಕ್ಕೆ, ಮೂರಕ್ಕೆ, ನಾಲ್ಕಕ್ಕೆ, ಐದಕ್ಕೆ, ಆರಕ್ಕೆ,
ಎಲ್ಲಿ ಮುಟ್ಟಿದರೂ ಬಿಚ್ಚಿಕೊಳ್ಳುವ ಮೊತ್ತ.
ಮನೆಗಿಷ್ಟು, ಏಜೆಂಟನಿಗಿಷ್ಟು, ಮೆಸ್ಸಿಗಿಷ್ಟು.
ಏನೂ ಉಳಿಯಲಿಲ್ಲ.